ಬಿಳಿಚಿದ ಹವಳದ ಫೋಟೋ ಸಾಕು, ಸತ್ತದ್ದರ ಲೆಕ್ಕ ಕೊಡಿ

2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳ ಬಿಳಿಚಿದಾಗ ಪತ್ರಿಕೆಗಳ ತುಂಬ ಫೋಟೋ. ಮಳೆಗಾಲ ಬಂತು, ಸುದ್ದಿ ನಿಂತಿತು. ಆ ಹವಳ ಬದುಕಿತೋ ಸತ್ತಿತೋ ಎಂದು ಕೇಳಿದವರು ಕಡಿಮೆ.

ಬಿಳಿಚುವುದೆಂದರೆ ಸಾಯುವುದಲ್ಲ. ನೀರು ಬಿಸಿಯೇರಿದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಅದಕ್ಕೆ ಬಣ್ಣವೂ ಬಹುಪಾಲು ಊಟವೂ ಆ ಪಾಚಿಯಿಂದಲೇ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ; ಇಲ್ಲವಾದರೆ ಹವಳ ಹಸಿದು ಸಾಯುತ್ತದೆ, ಬೇರೆ ಪಾಚಿ ಮುಚ್ಚಿಕೊಂಡು ಕಂದಾಗುತ್ತದೆ. ಕಂದು ಹವಳದ ಫೋಟೋ ಯಾರಿಗೂ ಬೇಡ.

ಎಚ್ಚರಿಕೆಗೇನೂ ಕೊರತೆಯಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಉಪಗ್ರಹದ ಮಾಹಿತಿ ನೋಡಿ ಅಪಾಯದ ಮುನ್ಸೂಚನೆ ಕೊಡುತ್ತದೆ. ಆದರೆ ಉಪಗ್ರಹ ಅಳೆಯುವುದು ನೀರಿನ ಮೇಲ್ಮೈಯ ಬಿಸಿಯನ್ನು. ಕೆಳಗೆ ಸತ್ತದ್ದೆಷ್ಟು ಎಂದು ತಿಳಿಯಲು ಮನುಷ್ಯರೇ ಮುಳುಗಿ, ವರ್ಷವರ್ಷವೂ ಅದೇ ದಿಬ್ಬಗಳಲ್ಲಿ ಎಣಿಸಬೇಕು.

ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಹೀಗೆ ಎಣಿಸಿದರು. 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳ 2022ಕ್ಕೆ ಶೇ. 20ರ ಒಳಗೆ ಇಳಿದಿತ್ತು. 1998, 2010, 2016ರ ಬಿಸಿಯಲೆಗಳಲ್ಲಿ ಸಾವು ಒಂದಕ್ಕಿಂತ ಒಂದರಲ್ಲಿ ಕಡಿಮೆಯಾಯಿತು, ನಿಜ. ಆದರೆ ಚೇತರಿಕೆಯ ವೇಗವೂ ಕುಸಿಯುತ್ತ ಬಂತು. ಮೂರು ವರ್ಷದ ಪ್ರಾಜೆಕ್ಟ್ ಆಗಿದ್ದರೆ ಪ್ರತಿ ಸಲವೂ ‘ಹವಳ ಚೇತರಿಸಿಕೊಳ್ಳುತ್ತಿದೆ’ ಎಂದು ವರದಿ ಬರೆದು ಫೈಲು ಮುಚ್ಚುತ್ತಿತ್ತು. ಸತ್ಯ ಕಂಡದ್ದು 24 ವರ್ಷ ನೋಡಿದ್ದಕ್ಕೆ.

ಎಣಿಸಿದರೆ ಕಡಲು ತಣಿಯುತ್ತದೆಯೇ ಎನ್ನಬಹುದು. ತಣಿಯುವುದಿಲ್ಲ. ಆದರೆ ಲಗೂನಿನಲ್ಲಿ ಹೂಳೆತ್ತಲು, ದಡದಲ್ಲಿ ರೆಸಾರ್ಟ್ ಕಟ್ಟಲು ಅನುಮತಿ ಕೊಡುವುದು ಕಡಲಲ್ಲ, ಕಚೇರಿ. ಹಿಂದಿನ ಏಟಿನಿಂದ ಇನ್ನೂ ಏಳದ ದಿಬ್ಬ ಯಾವುದೆಂದು ತಿಳಿಯದೆ ಹಾಕುವ ಸಹಿ ಕುರುಡು ಸಹಿ. ‘ಹೊಸ ಹವಳ ನೆಡುತ್ತೇವೆ’ ಎಂಬ ಸಮಾಧಾನವೂ ಹಾಗೆಯೇ: ನೆಟ್ಟದ್ದನ್ನು ಸಾರುತ್ತಾರೆ, ಮುಂದಿನ ಬಿಸಿಗೆ ಉಳಿದದ್ದನ್ನು ಯಾರು ಎಣಿಸುತ್ತಾರೆ?

ಲಕ್ಷದ್ವೀಪಕ್ಕೆ ಹವಳ ಬರೀ ಚೆಂದವಲ್ಲ. ನೆಲವೇ ಹವಳದ್ದು. ಅಲೆ ತಡೆಯುವ ಗೋಡೆ ಅದು. ಗೋಡೆ ಸವೆದರೆ ದಡವೂ, ಬಾವಿಯ ಸಿಹಿನೀರೂ ಅಪಾಯಕ್ಕೆ ಬೀಳುತ್ತವೆ.

ಆದ್ದರಿಂದ ಬೇಡಿಕೆ ಸರಳ. ದಿಬ್ಬಗಳ ವಾರ್ಷಿಕ ಎಣಿಕೆಗೆ ಖಾಯಂ ಹಣ ಬೇಕು, ಲೆಕ್ಕ ಎಲ್ಲರಿಗೂ ಸಿಗಬೇಕು, ಅದನ್ನು ನೋಡದೆ ಯಾವ ಅನುಮತಿಗೂ ಸಹಿ ಬೀಳಬಾರದು. ಮುಂದಿನ ಬೇಸಿಗೆಯಲ್ಲಿ ಬಿಳಿ ಹವಳದ ಫೋಟೋ ಕಂಡರೆ ಹಂಚಿಕೊಳ್ಳಿ. ಆರು ತಿಂಗಳ ನಂತರ ಉಳಿದದ್ದೆಷ್ಟು ಎಂದು ಕೇಳುವುದನ್ನು ಮರೆಯಬೇಡಿ.