ಚಕ್ಕುಬಂದಿಯ ಗಣಿತ

ಕರ್ನಾಟಕದ ಜಮೀನು ಕ್ರಯಪತ್ರಗಳ ಕೊನೆಯಲ್ಲಿ ಬರುವ ಷೆಡ್ಯೂಲು, ಸರ್ವೆ ನಂಬರನ್ನೂ ಎಕರೆ ಗುಂಟೆಗಳ ಲೆಕ್ಕವನ್ನೂ ಹೇಳಿ ಮುಗಿಸಿದ ಮೇಲೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ಓಣಿ, ದಕ್ಷಿಣಕ್ಕೆ ಯಾರ ತೋಟ ಎಂದು ನಾಲ್ಕೂ ದಿಕ್ಕಿನ ಎಲ್ಲೆಗಳನ್ನು ಹೆಸರಿಸುತ್ತದೆ. ಚಕ್ಕುಬಂದಿ ಎಂದು ಕರೆಯಲಾಗುವ ಈ ವಿವರದಲ್ಲಿ ಅಕ್ಷಾಂಶವಿಲ್ಲ, ರೇಖಾಂಶವಿಲ್ಲ. ಆದರೂ ಆ ತುಂಡು ನೆಲ ಎಲ್ಲಿದೆ ಎಂಬುದರ ಬಗ್ಗೆ ಊರಿನವರಿಗೆ ಸಂಶಯ ಉಳಿಯುವುದಿಲ್ಲ, ಏಕೆಂದರೆ ಅದರ ಗುರುತು ನಿಂತಿರುವುದು ಅಕ್ಕಪಕ್ಕದ ಸಂಬಂಧದ ಮೇಲೆ. ಹಳೆಯ ದಾನಶಾಸನಗಳು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು ಕೆರೆ, ಮರ, ಬಂಡೆ, ನೆಟ್ಟ ಕಲ್ಲುಗಳ ಮೂಲಕ ದತ್ತಿಭೂಮಿಯ ಸೀಮೆಯನ್ನು ಸುತ್ತಿಬರುವುದೂ ಇದೇ ಬಗೆಯ ಜ್ಞಾನ. ಒಂದು ಸ್ಥಳವನ್ನು ಅಂಕೆಗಳಲ್ಲಿ ಹೇಳುವುದು ಒಂದು ಮಾರ್ಗವಾದರೆ ನೆರೆಯವರ ಮೂಲಕ ಹೇಳುವುದು ಇನ್ನೊಂದು; ಇಂದು ವಿಶ್ವವಿದ್ಯಾಲಯಗಳಲ್ಲಿ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಎಂಬ ಹೆಸರಿನಲ್ಲಿ ಕಲಿಸಲಾಗುವ ವಿದ್ಯೆಯ ತಿರುಳು ಈ ಎರಡು ಮಾರ್ಗಗಳನ್ನು ಒಂದೇ ಕಡತದೊಳಗೆ ಹೊಂದಿಸುವುದರಲ್ಲಿದೆ.

ಈ ವ್ಯವಸ್ಥೆಯ ಹುಟ್ಟು 1960ರ ದಶಕದ ಕೆನಡಾದಲ್ಲಿ. ವಿಶಾಲವಾದ ಆ ದೇಶದ ಮಣ್ಣು, ಕಾಡು, ಕೃಷಿಯೋಗ್ಯತೆಗಳ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಕೈಯಿಂದ ಅಳೆಯುವುದು ಅಸಾಧ್ಯವೆನಿಸಿದಾಗ ರೋಜರ್ ಟಾಮ್ಲಿನ್‌ಸನ್ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ದಾರಿ ಹುಡುಕಿದರು. ಅಂದಿನಿಂದ ಇಂದಿನವರೆಗೂ ಮೂಲ ಕಲ್ಪನೆ ಪದರಗಳದೇ: ರಸ್ತೆ ಒಂದು ಪದರ, ಕೆರೆ ಮತ್ತೊಂದು, ಗ್ರಾಮದ ಎಲ್ಲೆ ಇನ್ನೊಂದು. ಬಿಂದು, ಗೆರೆ, ಬಹುಭುಜಗಳಾಗಿ ಬರೆದ ಪದರವನ್ನು ವೆಕ್ಟರ್ ಎಂದೂ, ಉಪಗ್ರಹಚಿತ್ರದಂತೆ ನೆಲವನ್ನು ಸಮಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದು ಬೆಲೆ ಕೊಟ್ಟ ಪದರವನ್ನು ರಾಸ್ಟರ್ ಎಂದೂ ಕರೆಯುತ್ತಾರೆ. ಯಾವ ಬಹುಭುಜ ಯಾವುದಕ್ಕೆ ತಾಗಿದೆ, ಯಾವ ಗೆರೆಯ ಎಡಬಲಗಳಲ್ಲಿ ಯಾರಿದ್ದಾರೆ ಎಂಬ ಸಂಬಂಧಗಳ ದಾಖಲೆಗೆ ಟೋಪಾಲಜಿ ಎಂಬ ಹೆಸರಿದೆ. ಚಕ್ಕುಬಂದಿ ಎಂದರೆ ಅಂಕೆಗಳಿಲ್ಲದ ಟೋಪಾಲಜಿಯೇ ಎಂದು ಮೊದಲ ಪಾಠದಲ್ಲಿ ಹೇಳಿದರೆ ರೈತಕುಟುಂಬದಿಂದ ಬಂದ ವಿದ್ಯಾರ್ಥಿಗೆ ಈ ಶಾಸ್ತ್ರದ ಅರ್ಧ ದಾರಿ ತಾನಾಗಿಯೇ ಸವೆಯುತ್ತದೆ.

ಹೀಗಿದ್ದೂ ಈ ವಿಷಯದ ಬೋಧನೆ ಅನೇಕ ಕಡೆ ತಂತ್ರಾಂಶದ ತರಬೇತಿಯಾಗಿ ಕುಗ್ಗುತ್ತಿರುವುದು ಕಳವಳದ ಸಂಗತಿ. ಯಾವ ಗುಂಡಿ ಒತ್ತಿದರೆ ಯಾವ ಬಣ್ಣದ ನಕ್ಷೆ ಬರುತ್ತದೆ ಎಂಬುದು ಕೆಲವು ವಾರಗಳಲ್ಲಿ ಕೈಗೂಡುವ ಕೌಶಲ್ಯ. ಕ್ಯೂಜಿಐಎಸ್‌ನಂತಹ ಮುಕ್ತ ತಂತ್ರಾಂಶ ಯಾರಿಗೂ ಉಚಿತವಾಗಿ ಸಿಗುವ ಕಾಲದಲ್ಲಿ ಅದಕ್ಕಾಗಿ ಎರಡು ವರ್ಷದ ಸ್ನಾತಕೋತ್ತರ ಪದವಿ ಬೇಕಿಲ್ಲ. ಭೂಗೋಳವನ್ನು ಕಲಾ ವಿಭಾಗದಲ್ಲಿ ಓದಿ ಬಂದ ವಿದ್ಯಾರ್ಥಿಯ ಗಣಿತದ ಅಳುಕನ್ನು ನೀಗಿಸುವ ಬದಲು ಗಣಿತವನ್ನೇ ಪಾಠದಿಂದ ಹೊರಗಿಟ್ಟರೆ, ಆತ ಸುಂದರವಾದ ತಪ್ಪು ನಕ್ಷೆಗಳನ್ನು ವೇಗವಾಗಿ ತಯಾರಿಸಬಲ್ಲವನಾಗುತ್ತಾನೆ. ಇದು ವಿದ್ಯಾರ್ಥಿಗೆ ಮಾಡುವ ಉಪಕಾರವಲ್ಲ.

ತಪ್ಪುಗಳ ಮೊದಲ ಮೂಲ ನಿರ್ದೇಶಾಂಕದಲ್ಲೇ ಅಡಗಿರುತ್ತದೆ. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯ ತ್ರಿಕೋನ ಸರ್ವೇಕ್ಷಣೆಯನ್ನು ಆರಂಭಿಸಿದನು. 1802ರಲ್ಲಿ ಮದರಾಸಿನಲ್ಲಿ ಅಳೆದ ಮತ್ತೊಂದು ರೇಖೆಯಿಂದ ಹೊರಟ ಕೆಲಸ ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಾಗಿ ಹಿಮಾಲಯದವರೆಗೆ ಬೆಳೆಯಿತು. ಆ ಅಳತೆಗಳ ಆಧಾರದ ಮೇಲೆ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಕೊಟ್ಟ ದೀರ್ಘಗೋಲದ ಲೆಕ್ಕವು ಭಾರತ ಉಪಖಂಡಕ್ಕೆ ಹೊಂದುವಂತಹುದಾಗಿದ್ದು, ಸರ್ವೆ ಆಫ್ ಇಂಡಿಯಾದ ಹಳೆಯ ಸ್ಥಳಾಕೃತಿ ನಕ್ಷೆಗಳೆಲ್ಲ ಅದನ್ನೇ ನಂಬಿವೆ. ಮೊಬೈಲಿನ ಜಿಪಿಎಸ್ ನಂಬುವುದು ಡಬ್ಲ್ಯೂಜಿಎಸ್ 84 ಎಂಬ, ಇಡೀ ಭೂಮಿಗೆ ಹೊಂದುವ ಮತ್ತೊಂದು ಲೆಕ್ಕವನ್ನು. ಹೀಗೆ ಭೂಮಿಯ ಆಕಾರವನ್ನೂ ಅಳತೆಯ ಮೊದಲನ್ನೂ ನಿಗದಿಪಡಿಸುವ ಒಪ್ಪಂದವನ್ನು ಡೇಟಮ್ ಎನ್ನುತ್ತಾರೆ. ಹಳೆಯ ನಕ್ಷೆಯಿಂದ ಓದಿದ ಅಕ್ಷಾಂಶ ರೇಖಾಂಶವನ್ನು ಪರಿವರ್ತಿಸದೆ ಹಾಗೆಯೇ ಜಿಪಿಎಸ್‌ಗೆ ಕೊಟ್ಟರೆ ಬೆಂಗಳೂರಿನ ಸುತ್ತಮುತ್ತ ಬಿಂದುವು ನೂರು ಮೀಟರಿಗೂ ಹೆಚ್ಚು ದೂರ ಸರಿದು ಬೀಳುತ್ತದೆ. ದೇವಸ್ಥಾನ ಕೆರೆಯೊಳಗೆ ನಿಲ್ಲುತ್ತದೆ.

ಎರಡನೆಯ ಮೂಲ ಪ್ರಕ್ಷೇಪ, ಅಂದರೆ ದುಂಡಗಿನ ಭೂಮಿಯನ್ನು ಸಮತಟ್ಟು ಹಾಳೆಗೆ ಇಳಿಸುವ ವಿಧಾನ. ಬಹುಬಳಕೆಯ ಯುಟಿಎಂ ಪದ್ಧತಿಯು ಭೂಮಿಯನ್ನು ತಲಾ 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳುತ್ತದೆ. ಕರ್ನಾಟಕದ ಬಹುಭಾಗ 72ರಿಂದ 78 ಡಿಗ್ರಿ ಪೂರ್ವದ 43ನೇ ಪಟ್ಟಿಯಲ್ಲಿದ್ದು, ಅದರ ನಡುಗೆರೆಯಾದ 75 ಡಿಗ್ರಿ ರೇಖಾಂಶ ಧಾರವಾಡದ ಮಗ್ಗುಲಲ್ಲೇ ಹಾದುಹೋಗುತ್ತದೆ. ಆ ಗೆರೆಯ ಮೇಲೆ ನೆಲದ ಒಂದು ಕಿಲೋಮೀಟರ್ ಹಾಳೆಯ ಲೆಕ್ಕದಲ್ಲಿ 40 ಸೆಂಟಿಮೀಟರ್ ಕಡಿಮೆಯಾಗುತ್ತದೆ, ಬೆಂಗಳೂರಿಗೆ ಬರುವಷ್ಟರಲ್ಲಿ ಅದೇ ಕಿಲೋಮೀಟರ್ ಅರ್ಧ ಮೀಟರಿಗಿಂತ ತುಸು ಹೆಚ್ಚು ಹಿಗ್ಗಿರುತ್ತದೆ. ಇನ್ನು ಕೋಲಾರ ಜಿಲ್ಲೆಯ ಪಾಡು ವಿಚಿತ್ರವಾದುದು: ಮಾಲೂರು ಪಟ್ಟಣ 43ರಲ್ಲಿದ್ದರೆ ಮುಳಬಾಗಿಲು 44ರಲ್ಲಿದೆ, ಏಕೆಂದರೆ 78ನೇ ರೇಖಾಂಶ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಈ ಜಿಲ್ಲೆಯ ಕೆರೆಗಳ ವಿಸ್ತೀರ್ಣ ಅಳೆಯಲು ಹೊರಟ ವಿದ್ಯಾರ್ಥಿ ಎರಡು ಪಟ್ಟಿಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು, ಏಕೆ ಆರಿಸಿಕೊಂಡೆ ಎಂದು ವಿವರಿಸಲೂ ಬೇಕು. ತಂತ್ರಾಂಶ ತನ್ನಷ್ಟಕ್ಕೆ ತಾನು ಆ ವಿವರಣೆ ಕೊಡುವುದಿಲ್ಲ.

ಆದರೆ ಶಾಸ್ತ್ರದ ನಿಜವಾದ ಸೊಗಸು ಇರುವುದು ಸ್ಥಾನಿಕ ವಿಶ್ಲೇಷಣೆಯಲ್ಲಿ. ಸ್ಥಳವನ್ನು ಗುರುತಿಸಿದ ಮೇಲೆ ಸ್ಥಳಗಳ ನಡುವಿನ ಸಂಬಂಧವನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಅರಿಯುವ ಭಾಗ ಅದು. ಎಲ್ಲಕ್ಕೂ ಎಲ್ಲದರೊಂದಿಗೆ ನಂಟಿದ್ದರೂ ಹತ್ತಿರದವುಗಳ ನಂಟು ದೂರದವುಗಳ ನಂಟಿಗಿಂತ ಗಾಢವೆಂಬ ಆಶಯವನ್ನು ವಾಲ್ಡೊ ಟೋಬ್ಲರ್ 1970ರಲ್ಲಿ ಭೂಗೋಳದ ಮೊದಲ ನಿಯಮವೆಂದು ಮುಂದಿಟ್ಟರು. ಅದಕ್ಕೂ ಎರಡು ದಶಕ ಮೊದಲು ಪ್ಯಾಟ್ರಿಕ್ ಮೊರಾನ್ ರೂಪಿಸಿದ ಸೂಚ್ಯಂಕ, ಅಕ್ಕಪಕ್ಕದ ಘಟಕಗಳ ಬೆಲೆಗಳು ಎಷ್ಟರಮಟ್ಟಿಗೆ ಒಂದನ್ನೊಂದು ಹೋಲುತ್ತವೆ ಎಂಬುದನ್ನು ಒಂದೇ ಅಂಕೆಯಲ್ಲಿ ಹೇಳುತ್ತದೆ. ಇಲ್ಲಿಯೂ ಚಕ್ಕುಬಂದಿಯ ಪ್ರಶ್ನೆಯೇ ಎದುರಾಗುತ್ತದೆ: ನೆರೆ ಯಾರು? ಚದುರಂಗದ ಆನೆಯ ನಡೆಯಂತೆ ಅಂಚು ಹಂಚಿಕೊಂಡ ತಾಲ್ಲೂಕುಗಳಷ್ಟೇ ನೆರೆಯೋ, ರಾಣಿಯ ನಡೆಯಂತೆ ಮೂಲೆ ತಾಗಿದರೂ ನೆರೆಯೋ, ಅಥವಾ ಇಷ್ಟು ಕಿಲೋಮೀಟರಿನೊಳಗಿನವೆಲ್ಲ ನೆರೆಯೋ ಎಂಬ ತೀರ್ಮಾನದ ಮೇಲೆ ಉತ್ತರ ಬದಲಾಗುತ್ತದೆ.

ಮಳೆಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿದ ಮಳೆಯಾದರೆ, ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಅದರ ಆರನೆಯ ಒಂದು ಪಾಲೂ ಬೀಳುವುದಿಲ್ಲ. ಇವೆರಡರ ನಡುವೆ ಮಳೆಮಾಪಕವಿಲ್ಲದ ಒಂದು ಹಳ್ಳಿಯ ಮಳೆಯನ್ನು ಅಂದಾಜಿಸಲು ಸುಲಭವಾದ ವಿಧಾನವು ಪ್ರತಿ ಮಾಪಕದ ಪ್ರಭಾವವನ್ನು ದೂರಕ್ಕೆ ತಕ್ಕಂತೆ ಎಲ್ಲ ದಿಕ್ಕಿನಲ್ಲೂ ಸಮನಾಗಿ ಇಳಿಸುತ್ತ ಹೋಗುತ್ತದೆ. ಫಲಿತಾಂಶವಾಗಿ ಆಗುಂಬೆಯ ಸುತ್ತ ದುಂಡಗಿನ ವರ್ತುಲಗಳು ಮೂಡುತ್ತವೆ. ಮಲೆನಾಡಿನ ಮಳೆ ದುಂಡಗಿಲ್ಲ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು ಸುರಿದು, ಒಣಗಿ ಮೂಡಣಕ್ಕೆ ಇಳಿಯುವುದರಿಂದ, ಘಟ್ಟದ ಸಾಲಿನುದ್ದಕ್ಕೂ ದೂರದ ಊರುಗಳು ಒಂದನ್ನೊಂದು ಹೋಲುತ್ತವೆ, ಘಟ್ಟಕ್ಕೆ ಅಡ್ಡಲಾಗಿ ಹತ್ತಿರದ ಊರುಗಳೂ ಪರಕೀಯವಾಗುತ್ತವೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಅದಿರಿನ ಅಂದಾಜಿಗಾಗಿ ಡ್ಯಾನಿ ಕ್ರೀಗ್ 1950ರ ದಶಕದ ಆರಂಭದಲ್ಲಿ ಹೂಡಿದ, ಫ್ರಾನ್ಸಿನ ಜಾರ್ಜ್ ಮ್ಯಾಥರಾನ್ ಸಿದ್ಧಾಂತವಾಗಿ ಬೆಳೆಸಿದ ಕ್ರಿಗಿಂಗ್ ಎಂಬ ವಿಧಾನವು ಇಂತಹ ದಿಕ್ಕಿನ ಭೇದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲದು, ತನ್ನ ಅಂದಾಜು ಎಲ್ಲೆಲ್ಲಿ ದುರ್ಬಲ ಎಂಬುದನ್ನೂ ಹೇಳಬಲ್ಲದು. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ತಿಳಿದವನ ಕೈಯಲ್ಲಿ ಮಾತ್ರ ಅದು ಫಲಿಸುತ್ತದೆ. ಭೂಗೋಳ ಬಾರದವನಿಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಒಲಿಯದು ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗಡಿಗಳದು ಇನ್ನೊಂದು ಬಗೆಯ ತೊಡಕು. 2011ರ ಜನಗಣತಿಯ ಕಾಲಕ್ಕೆ ಬೆಂಗಳೂರು ಪಾಲಿಕೆಯಲ್ಲಿ 198 ವಾರ್ಡುಗಳಿದ್ದವು. 2022ರ ಮರುವಿಂಗಡಣೆಯಲ್ಲಿ ಅವು 243 ಆದವು, 2023ರಲ್ಲಿ 225 ಆದವು, 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಮನೆಗಳು ಇದ್ದಲ್ಲೇ ಇದ್ದರೂ ಗೆರೆ ಸರಿದಂತೆ ವಾರ್ಡಿನ ಸರಾಸರಿಗಳು ಬದಲಾಗುತ್ತವೆ, ಬಡ ವಾರ್ಡು ಮಧ್ಯಮವಾಗುತ್ತದೆ. ಬದಲಾಯಿಸಬಹುದಾದ ಕ್ಷೇತ್ರಘಟಕದ ಸಮಸ್ಯೆ ಎಂದು ಇದರ ಹೆಸರು. ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಗುಂಪುಗೂಡಿಸಿ, ವೃದ್ಧರ ಪ್ರಮಾಣಕ್ಕೂ ರಿಪಬ್ಲಿಕನ್ ಮತಗಳ ಪ್ರಮಾಣಕ್ಕೂ ಇರುವ ಸಹಸಂಬಂಧವನ್ನು ಹೆಚ್ಚೂಕಡಿಮೆ ಪೂರ್ಣ ಋಣದಿಂದ ಪೂರ್ಣ ಧನದವರೆಗೆ ಎಳೆದಾಡಬಹುದೆಂದು ಸ್ಟಾನ್ ಓಪನ್‌ಶಾ ಮತ್ತು ಪೀಟರ್ ಟೇಲರ್ 1979ರಲ್ಲೇ ತೋರಿಸಿಕೊಟ್ಟಿದ್ದಾರೆ. ಈ ಪ್ರಯೋಗವನ್ನು ಕನ್ನಡನಾಡಿನ ತಾಲ್ಲೂಕುಗಳ ಮೇಲೆ ಒಮ್ಮೆ ತನ್ನ ಕೈಯಾರೆ ಮಾಡಿ ನೋಡಿದ ವಿದ್ಯಾರ್ಥಿ, ಮುಂದೆ ಸರಕಾರಿ ಯೋಜನೆಗಾಗಿ ಹಿಂದುಳಿದ ಪ್ರದೇಶಗಳ ಪಟ್ಟಿ ಮಾಡುವ ಹುದ್ದೆಯಲ್ಲಿ ಕುಳಿತಾಗ, ಗೆರೆ ಎಳೆದವರು ಯಾರು, ಯಾವಾಗ ಎಳೆದರು ಎಂದು ಕೇಳದೆ ಬಣ್ಣ ತುಂಬಲಾರ.

ಇವೆಲ್ಲವನ್ನೂ ಒಂದೆಡೆ ಕಾಣಿಸುವ ಅಭ್ಯಾಸವೊಂದಿದೆ; ಅದನ್ನು ಪ್ರತಿ ವಿಭಾಗವೂ ಕಡ್ಡಾಯ ಮಾಡಬೇಕು. ಸರಪಳಿಯಿಂದ ಅಳೆದ ಹಳೆಯ ಗ್ರಾಮನಕ್ಷೆಯೊಂದನ್ನು ಸ್ಕ್ಯಾನ್ ಮಾಡಿ, ನೆಲದ ಮೇಲೆ ಗುರುತು ಸಿಗುವ ಕೆಲವು ಬಿಂದುಗಳ ನೆರವಿನಿಂದ ಉಪಗ್ರಹಚಿತ್ರದ ಮೇಲೆ ಕೂರಿಸುವುದೇ ಆ ಅಭ್ಯಾಸ. 33 ಅಡಿಯ ಸರಪಳಿಯ ಉದ್ದಗಲವೇ ಒಂದು ಗುಂಟೆ, ಅಂತಹ 40 ಗುಂಟೆ ಸೇರಿದರೆ ಒಂದು ಎಕರೆ ಎಂಬ ಲೆಕ್ಕ ಆಗ ಪುಸ್ತಕದಿಂದ ಹೊರಬಂದು ಹೊಲದಲ್ಲಿ ನಿಲ್ಲುತ್ತದೆ. ಮೂರು ಮೂಲೆ ಹೊಂದಿದರೆ ನಾಲ್ಕನೆಯದು ಜಾರುತ್ತದೆ. ಸರಾಸರಿ ದೋಷ ಇಷ್ಟು ಮೀಟರ್ ಎಂದು ಪರದೆ ತಿಳಿಸುತ್ತದೆ. ಆ ದೋಷ ನಕ್ಷೆಯದೋ, ಸ್ಕ್ಯಾನಿನದೋ, ಡೇಟಮ್‌ನದೋ, ಅಥವಾ ಒತ್ತುವರಿಯಾಗಿ ಬದುವೇ ಸರಿದಿದೆಯೋ ಎಂಬುದನ್ನು ಪರದೆ ಹೇಳಲಾರದು. ಅದಕ್ಕಾಗಿ ವಿದ್ಯಾರ್ಥಿ ಆ ಊರಿಗೆ ಹೋಗಿ, ಹದ್ದುಬಸ್ತಿನ ಕಾಲಕ್ಕೆ ನೆಟ್ಟ ಬಾಂದು ಕಲ್ಲನ್ನು ಹುಡುಕಿ, ಅದು ಸಿಗದಿದ್ದರೆ ಪಕ್ಕದ ಹೊಲದವರನ್ನು ಕರೆದು ಚಕ್ಕುಬಂದಿ ಕೇಳಬೇಕಾಗುತ್ತದೆ.