ಬಾಡಿಗೆ ಹಣದ ವೀಸಾ

ಆನೆಗೊಂದಿಗೆ ಸಮೀಪದ ಸಾಣಾಪುರದಲ್ಲಿ ವಿದೇಶಿಯರನ್ನು ಕಂಡು ಯಾರೂ ಬೆರಗಾಗುವುದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದ ಮೇಲಂತೂ ಹಂಪಿಗೆ ಬರುವ ಪ್ರವಾಸಿಗರಲ್ಲಿ ಅನೇಕರು ಈ ಊರಿನ ಕೆರೆ, ಬಂಡೆ, ಭತ್ತದ ಗದ್ದೆಗಳನ್ನೇ ನೆಚ್ಚಿದ್ದಾರೆ. ಜರ್ಮನಿಯ ತರುಣನೊಬ್ಬ ಇಲ್ಲಿಗೆ ಬರಬೇಕಾದರೆ ಮನೆಯಲ್ಲೇ ಕುಳಿತು ಅರ್ಜಿ ತುಂಬಿ ಶುಲ್ಕ ಕಟ್ಟಿದರೆ ಸಾಕು. ಅಂಥ ಇ-ವೀಸಾದ ಬಾಗಿಲನ್ನು ಭಾರತ ತೆರೆದದ್ದು 2014ರ ನವೆಂಬರ್‌ನಲ್ಲಿ. ಅವನ ತಂದೆಯ ಪಾಸ್‌ಬುಕ್ಕನ್ನು ಯಾರೂ ಕೇಳುವುದಿಲ್ಲ.

ಅವನನ್ನು ಹರಿಗೋಲಿನಲ್ಲಿ ಕೂರಿಸಿ ಕೆರೆ ಸುತ್ತಿಸುವವನ ಮಗ ಓದಲೆಂದು ಅದೇ ಜರ್ಮನಿಗೆ ಹೊರಟರೆ? ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ 2022ರ ನವೆಂಬರ್‌ನಿಂದ ಭಾರತೀಯ ಅಂಕಪಟ್ಟಿಗಳ ಸಾಚಾತನಕ್ಕೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ಜೊತೆಗೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ತಡೆಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದು 11,904 ಯೂರೋಗೆ ಏರಿತು. ನಮ್ಮ ಲೆಕ್ಕದಲ್ಲಿ ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸು. ಕೆನಡಾ 2024ರ ಜನವರಿಯಲ್ಲಿ ಹತ್ತು ಸಾವಿರ ಡಾಲರಿನ ಷರತ್ತನ್ನು 20,635ಕ್ಕೆ ಏರಿಸಿತು. ಅಮೆರಿಕದ ಕಾನೂನಂತೂ ಅರ್ಜಿದಾರ ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂಬ ಊಹೆಯಿಂದಲೇ ಆರಂಭವಾಗುತ್ತದೆ. ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ವಿದ್ಯಾರ್ಥಿಯದ್ದು. 2025ರ ಜೂನ್‌ನಿಂದ ಆತನ ಸಾಮಾಜಿಕ ಜಾಲತಾಣದ ಖಾತೆಗಳೂ ಅಧಿಕಾರಿಯ ಮುಂದೆ ತೆರೆದಿರಬೇಕು.

ಪ್ರವಾಸಿಯನ್ನೂ ವಿದ್ಯಾರ್ಥಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನಬಹುದು. ಒಪ್ಪೋಣ. ಬಂದವನು ಏನು ಉಂಡು ಬದುಕುತ್ತಾನೆ ಎಂದು ಕೇಳುವ ಹಕ್ಕು ಯಾವ ದೇಶಕ್ಕೂ ಇದೆ. ನಮ್ಮ ತಕರಾರು ರಾಯಭಾರ ಕಚೇರಿಗಳೊಂದಿಗಲ್ಲ. ಹಣವಿಲ್ಲದ ಪ್ರತಿಭಾವಂತನನ್ನು ಆ ಕಿಟಕಿಯ ಮುಂದೆ ಒಂಟಿಯಾಗಿ ನಿಲ್ಲಿಸಿದವರೊಂದಿಗೆ.

ಮೊದಲನೆಯದು ಕೇಂದ್ರ ಸರಕಾರ. 2013-14ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ‘ಪಢೋ ಪರ್ದೇಶ್’ ಎಂಬ ಯೋಜನೆ ಆರಂಭವಾಗಿತ್ತು. ವಾರ್ಷಿಕ ಆರು ಲಕ್ಷ ರೂಪಾಯಿಯೊಳಗಿನ ಆದಾಯದ ಕುಟುಂಬದ ಮಕ್ಕಳು ವಿದೇಶದಲ್ಲಿ ಸ್ನಾತಕೋತ್ತರ ಅಥವಾ ಪಿಎಚ್‌ಡಿ ವ್ಯಾಸಂಗಕ್ಕಾಗಿ ಪಡೆದ ಬ್ಯಾಂಕ್ ಸಾಲದ ಮೇಲಿನ ಬಡ್ಡಿಯನ್ನು ಮರುಪಾವತಿ ಆರಂಭವಾಗುವ ತನಕ ಸರಕಾರವೇ ಭರಿಸುತ್ತಿತ್ತು. 35 ಶೇಕಡಾ ಪಾಲು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಯಿತು. ಅದೇ ವರ್ಷ ಮೌಲಾನಾ ಆಝಾದ್ ಫೆಲೋಶಿಪ್‌ಗೂ ತೆರೆ ಬಿತ್ತು. ಬಡವರ ಶಿಕ್ಷಣ ಸಾಲದ ಬಡ್ಡಿಗೆ ಕೇಂದ್ರ ನೀಡುವ ಸಾಮಾನ್ಯ ಸಹಾಯಧನವು ದೇಶದೊಳಗಿನ ವ್ಯಾಸಂಗಕ್ಕೆ ಮಾತ್ರ ಸಲ್ಲುತ್ತದೆ. ‘ಎಲ್ಲರ ವಿಕಾಸ’ದ ಘೋಷಣೆಗೂ ಈ ಕ್ರಮಕ್ಕೂ ಇರುವ ಅಂತರವನ್ನು ವಿವರಿಸುವ ಅಗತ್ಯವಿಲ್ಲ.

ಎರಡನೆಯವರು ನಾವು. ಇದನ್ನು ಬರೆಯುವಾಗ ಲೇಖನಿ ತುಸು ತಡೆಯುತ್ತದೆ, ಆದರೂ ಬರೆಯಲೇಬೇಕು.

ಸರಕಾರ ಬಿಟ್ಟುಹೋದ ಜಾಗವನ್ನು ತುಂಬಿರುವವರು ದಲ್ಲಾಳಿಗಳು. ಬ್ರಿಟನ್ನಿನ ನಿಯಮದಂತೆ ವಿದ್ಯಾರ್ಥಿಯ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಆ 28 ದಿನಗಳ ಮಟ್ಟಿಗೆ ಲಕ್ಷಾಂತರ ರೂಪಾಯಿಯನ್ನು ಖಾತೆಗೆ ತುಂಬಿ, ಬಡ್ಡಿ ವಸೂಲಿ ಮಾಡಿ, ಹಣವನ್ನು ಹಿಂದಕ್ಕೆ ಎಳೆದುಕೊಳ್ಳುವುದೇ ಒಂದು ಕಸುಬಾಗಿದೆ. ‘ಶೋ ಮನಿ’ ಎಂಬ ಮುದ್ದಾದ ಹೆಸರು ಬೇರೆ! ಬಡ್ಡಿ ನಿಷಿದ್ಧವೆಂದು ಶುಕ್ರವಾರ ಕೇಳಿಸಿಕೊಂಡ ತಂದೆ ಸೋಮವಾರ ಈ ಕಾಗದಕ್ಕೆ ಸಹಿ ಹಾಕುತ್ತಾನೆ. ಬಡ್ಡಿಯ ಜೊತೆಗೆ ಸುಳ್ಳು ಸಾಕ್ಷ್ಯದ ಪಾಪವೂ ಸೇರಿತು. ಪರಲೋಕದ ಮಾತಿರಲಿ, ವಂಚನೆ ಬಯಲಾದರೆ ಬ್ರಿಟನ್ ಹತ್ತು ವರ್ಷ ಬಾಗಿಲು ಮುಚ್ಚಬಲ್ಲದು. 2023ರಲ್ಲಿ ಕೆನಡಾದಲ್ಲಿ ನಕಲಿ ಪ್ರವೇಶಪತ್ರಗಳ ಪ್ರಕರಣ ಬೆಳಕಿಗೆ ಬಂದಾಗ ಗಡೀಪಾರಿನ ಭೀತಿಯಲ್ಲಿ ಬೀದಿಗಿಳಿದವರು ಪಂಜಾಬಿನ ವಿದ್ಯಾರ್ಥಿಗಳು. ಕಾಗದ ಸೃಷ್ಟಿಸಿದ ಏಜೆಂಟ್ ಅಲ್ಲ.

ಜ್ಞಾನಕ್ಕಾಗಿ ಚೀನಾಕ್ಕಾದರೂ ಹೋಗಬೇಕೆಂಬ ವಚನವನ್ನು ಮಿಂಬರ್‌ಗಳಿಂದ ನಾವು ಎಷ್ಟು ಬಾರಿ ಕೇಳಿಲ್ಲ? (ಅದರ ವರದಿ ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ, ಅದು ಬೇರೆ ಮಾತು.) ಹೋಗು ಎಂದವರು ದಾರಿಖರ್ಚಿನ ಮಾತೆತ್ತಿದ ಕೂಡಲೇ ಮೌನವಾಗುತ್ತಾರೆ. ಗಂಗಾವತಿ ಭತ್ತದ ಕಣಜ. ಅಲ್ಲಿಂದ ಕುಷ್ಟಗಿ, ಯಲಬುರ್ಗಾದವರೆಗೆ ನಮ್ಮ ಸಮುದಾಯದ ಉಳ್ಳವರು ಮದುವೆಯ ಒಂದು ಹೊತ್ತಿನ ಬಿರಿಯಾನಿಗೆ, ಶಾಮಿಯಾನಕ್ಕೆ, ಆಮಂತ್ರಣ ಪತ್ರಕ್ಕೆ ವ್ಯಯಿಸುವ ಹಣದ ಲೆಕ್ಕವನ್ನು ಯಾವ ಜಮಾಅತ್ ಇಟ್ಟಿದೆ? ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲ ಸೌಲಭ್ಯವಿದೆ ಎಂಬುದನ್ನು ಎಷ್ಟು ಮಸೀದಿಗಳ ಸೂಚನಾ ಫಲಕ ಹೇಳಿದೆ?

ವಿದೇಶ ವ್ಯಾಸಂಗಕ್ಕೆ ಝಕಾತ್ ಸಲ್ಲುತ್ತದೆಯೇ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಕರ್ಝೆ ಹಸನಾ, ಅಂದರೆ ಬಡ್ಡಿರಹಿತ ಸಾಲ ಕೊಡಲು ಯಾರ ಫತ್ವಾ ಬೇಕು? ಅದು 28 ದಿನ ತೋರಿಸಿ ಹಿಂಪಡೆಯುವ ಹಣವಾಗಬಾರದು, ಓದಿಗೇ ಖರ್ಚಾಗುವ ಹಣವಾಗಬೇಕು. ಜರ್ಮನಿಯ ತಡೆಖಾತೆ ಇದಕ್ಕೆ ಅನುಕೂಲಕರವಾಗಿದೆ. ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಯ ಕೈಗೆ ಬರುತ್ತದೆ. ವೀಸಾ ನಿರಾಕರಣೆಯಾದರೆ ಹಣ ಹಿಂದಿರುಗುತ್ತದೆ. ವರ್ಷಕ್ಕೆ 140 ಪೂರ್ಣ ದಿನಗಳ ದುಡಿಮೆಗೆ ಅಲ್ಲಿ ಅನುಮತಿಯೂ ಇರುವುದರಿಂದ ಸಾಲ ಮರಳುವ ದಾರಿ ಕಾಣುತ್ತದೆ. ಹತ್ತು ಊರುಗಳ ಜಮಾಅತ್‌ಗಳು ಕೂಡಿ ವರ್ಷಕ್ಕೆ ಒಬ್ಬನನ್ನು, ಒಬ್ಬಳನ್ನು ಕಳುಹಿಸುವುದು ಅಸಾಧ್ಯವೆಂದು ನಮಗನಿಸುವುದಿಲ್ಲ. ಜರ್ಮನಿಯಲ್ಲಿ ಚಳಿಗಾಲದ ಅವಧಿ ಅಕ್ಟೋಬರ್‌ನಲ್ಲಿ ಆರಂಭವಾಗುತ್ತದೆ. ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಅರ್ಜಿಗೆ ಜುಲೈ 15 ಕೊನೆಯ ದಿನ. ಎಪಿಎಸ್ ಕಾಗದಕ್ಕೆ ಅದಕ್ಕಿಂತ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು.