ಹಸಿರು ಚೀಲದ ಜಮಾಖರ್ಚು

ಸಂಜೆಯ ಲೋಕಲಿನಿಂದ ಠಾಕುರ್ಲಿಯಲ್ಲಿ ಇಳಿದು ತರಕಾರಿ ಕೊಳ್ಳುವ ಕನ್ನಡಿಗನ ಕೈಗೆ ಈಚೆಗೆ ನಸುಹಸಿರಿನ ನುಣುಪಾದ ಚೀಲವೊಂದು ಬರುವುದುಂಟು. ಮೇಲೆ 'ಕಾಂಪೋಸ್ಟಬಲ್' ಎಂದು ಅಚ್ಚಾಗಿರುತ್ತದೆ. ಮಹಾರಾಷ್ಟ್ರ ಸರಕಾರವು 2018ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರಕಾರವೂ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಷೇಧಿಸಿತು. 2005ರ ಜುಲೈ 26ರ ಪ್ರವಾಹದಲ್ಲಿ ಚರಂಡಿಗಳ ಬಾಯಿ ಕಟ್ಟಿದ ಚೀಲಗಳನ್ನು ಕಂಡವರಿಗೆ ಇದು ಅತಿಯೆನಿಸಲಾರದು. ಆದರೆ ಬದಲಿಗೆ ಬಂದ ಚೀಲದ ಜಮಾಖರ್ಚನ್ನೂ ಒಮ್ಮೆ ತೆಗೆದು ನೋಡುವುದು ಯುಕ್ತ.

ಮೊದಲು ಖರ್ಚು. ಇಂತಹ ಚೀಲಗಳಿಗೆ ಬೇಕಾದ ಪಿ.ಎಲ್.ಎ. ಎಂಬ ರಾಳವನ್ನು ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಿಸುತ್ತಾರೆ. ಅದರ ದೊಡ್ಡ ಕಾರ್ಖಾನೆಗಳಿರುವುದು ಅಮೆರಿಕ, ಥಾಯ್ಲೆಂಡ್, ಚೀನಾಗಳಲ್ಲಿ. ಅದರೊಡನೆ ಬೆರೆಸುವ ಪಿ.ಬಿ.ಎ.ಟಿ. ಬಹುಮಟ್ಟಿಗೆ ಚೀನಾದ್ದು, ಅದೂ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದೇ ಎಂಬುದನ್ನು ಹಸಿರು ಬಣ್ಣ ಮರೆಸುತ್ತದೆ. ಹೀಗಾಗಿ ಠಾಕುರ್ಲಿಯ ಚೀಲದ ಬೆಲೆ ನ್ಹಾವಾಶೇವಾ ಬಂದರಿಗೆ ಬರುವ ಹಡಗುಗಳ ಮರ್ಜಿಯಲ್ಲಿದೆ.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ, ಅನೇಕ ಕಂಪನಿಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕದ ಗುಡ್‌ಹೋಪ್ ಭೂಶಿರವನ್ನು ಸುತ್ತತೊಡಗಿದವು. ಪ್ರಯಾಣ ಸುಮಾರು 10ರಿಂದ 14 ದಿನ ಬೆಳೆಯಿತು. ಚೀನಾದಿಂದ ಮುಂಬಯಿಗೆ ಬರುವ ಸರಕು ಕೆಂಪು ಸಮುದ್ರವನ್ನು ದಾಟುವುದೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಹಡಗುಗಳೂ ಕಂಟೇನರುಗಳೂ ದೂರದ ದಾರಿಯಲ್ಲಿ ಸಿಕ್ಕಿಬಿದ್ದರೆ ಇತರ ಮಾರ್ಗಗಳಲ್ಲಿಯೂ ಅವುಗಳಿಗೆ ಅಭಾವವುಂಟಾಗಿ ಬಾಡಿಗೆ ಏರುತ್ತದೆ.

ಇಲ್ಲಿ ಸಾಮಾನ್ಯರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ನಮ್ಮ ದೇಶದಲ್ಲಿ ಆಮದು ಸುಂಕವನ್ನು ಸರಕಿನ ಬೆಲೆಯ ಮೇಲೆ ಮಾತ್ರವಲ್ಲ, ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಕೂಡಿಸಿದ ಮೊತ್ತದ ಮೇಲೆ ಲೆಕ್ಕಹಾಕುತ್ತಾರೆ. ಮಾತಿಗೆ, 100 ರೂಪಾಯಿ ಸರಕಿನ ಬಾಡಿಗೆ 5 ರೂಪಾಯಿಯಿಂದ 15ಕ್ಕೆ ಏರಿದರೆ ಸುಂಕ ಬೀಳುವುದು 105ರ ಮೇಲಲ್ಲ, 115ರ ಮೇಲೆ. ಅದರ ಮೇಲೆ ಜಿ.ಎಸ್.ಟಿ. ಸರಕು ತಡವಾದಷ್ಟು ದಿನವೂ ವರ್ತಕನ ಬಂಡವಾಳ ಸಮುದ್ರದ ಮೇಲೆಯೇ ತೇಲುತ್ತಿರುತ್ತದೆ. ಬಡ್ಡಿ ಮಾತ್ರ ದಡದಲ್ಲಿ ಓಡುತ್ತದೆ. ಯುದ್ಧಾಪಾಯದ ವಿಮೆ ಬೇರೆ. ಇದೆಲ್ಲ ಕೊನೆಗೆ ಇಳಿಯುವುದು ಚೀಲ ಕೊಳ್ಳುವವನ ಕಿಸೆಯ ಮೇಲೆ.

ಇನ್ನು ಜಮೆ. ನಿಯಮದ ಪ್ರಕಾರ ಈ ಪ್ಲಾಸ್ಟಿಕ್ಕು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದ ಗೊಬ್ಬರದ ರಾಶಿಯಲ್ಲಿ 180 ದಿನಗಳೊಳಗೆ ಶೇಕಡಾ 90ರಷ್ಟು ಜೀರ್ಣವಾಗಬೇಕು. ಬಾಲ್ಕನಿಯ ತುಳಸಿ ಕುಂಡದಲ್ಲಾಗಲಿ ಉಲ್ಹಾಸ್ ಖಾಡಿಯ ಕೆಸರಿನಲ್ಲಾಗಲಿ ಅಂತಹ ಶಾಖ ಎಲ್ಲಿಯದು? ಸುಕಾ ಕಚರೆಯಲ್ಲಿ ಹಾಕಿದರೆ ಇನ್ನೂ ಕೇಡು. ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಸುಮಾರು 250 ಡಿಗ್ರಿಯಲ್ಲಿ ಕರಗಿದರೆ, ಪಿ.ಎಲ್.ಎ. ಅದಕ್ಕಿಂತ ಬಹಳ ಮುಂಚೆಯೇ ಕರಗಿ, ಮರುಬಳಕೆಯ ಮಾಲನ್ನೇ ಕೆಡಿಸುತ್ತದೆ. ಆದುದರಿಂದ ಭಂಗಾರ್‌ವಾಲಾ ಅದನ್ನು ಒಲ್ಲ. ಕಡೆಗೆ ಅದು ಸೇರುವುದು ಕಸದ ಗುಡ್ಡವನ್ನೇ. ಕಲ್ಯಾಣದ ಆಧಾರ್‌ವಾಡಿಯ ಗುಡ್ಡ ಹೊತ್ತಿ ಉರಿದ ದಿನಗಳಲ್ಲಿ ಕಿಟಕಿ ಮುಚ್ಚಿ ಕುಳಿತ ಮನೆಗಳವರಿಗೆ, ಕಸದ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆ ಗುಡ್ಡವನ್ನು 2021ರಲ್ಲಿ ಮುಚ್ಚಲಾಯಿತೆಂಬುದು ಸಮಾಧಾನ.

ಪಿ.ಎಲ್.ಎ. ತಯಾರಿಸುವ ಕಾರ್ಖಾನೆಯೊಂದನ್ನು ಉತ್ತರ ಪ್ರದೇಶದ ಕುಂಭಿಯಲ್ಲಿ ಸ್ಥಾಪಿಸುವುದಾಗಿ ಬಲರಾಂಪುರ ಚೀನಿ ಮಿಲ್ಸ್ 2024ರಲ್ಲಿ ಪ್ರಕಟಿಸಿತು. ಕಬ್ಬು ಬೆಳೆವ ಮಂಡ್ಯ, ಬೆಳಗಾವಿಗಳವರಿಗೂ ಇದು ಯೋಚಿಸತಕ್ಕ ವಿಷಯ. ಹಡಗಿನ ಹಂಗು ತಪ್ಪೀತು. ಆದರೆ ಚೀಲವನ್ನು ಬೇರೆಯಾಗಿ ಕೂಡಿಸಿ ಗೊಬ್ಬರ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಸ್ವದೇಶಿ ಚೀಲವೂ ಚರಂಡಿಗೇ.

ಅಲ್ಲಿಯವರೆಗೆ ಊರಿನಿಂದ ತಂದ ಬಟ್ಟೆಯ ಚೀಲಕ್ಕೆ ಯಾವ ಸುಂಕವೂ ಇಲ್ಲ. ಸಮಾರಂಭದ ಊಟಕ್ಕೆ ಬಾಳೆಯೆಲೆ ದೊರೆಯದಿದ್ದರೆ ಸ್ಟೀಲಿನ ತಟ್ಟೆಗಳನ್ನು ಬಾಡಿಗೆಗೆ ತರಬಹುದು. ತೊಳೆಯುವ ಆಳಿನ ಕೂಲಿ ಸೇರಿಸಿದರೂ ನಷ್ಟವಿಲ್ಲ. ಹಸಿರು ಚೀಲ ಬೇಕೇ ಬೇಕೆನ್ನುವವರು ಅದರ ಮೇಲೆ ತಯಾರಕನ ಹೆಸರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆಯೂ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಅಂಗಡಿಯವನ ಕೈಗೇ ಹಿಂದಿರುಗಿಸಲಿ.